ಗವಿಗಳು ನುಡಿಯುವ ಸಾಕ್ಷ್ಯ



ವಾಲಿಯು ಮಾಯಾವಿಯನ್ನು ಅಟ್ಟಿಕೊಂಡು ಒಂದು ಬಿಲವನ್ನು ಹೊಕ್ಕ ಕಥೆ ತಮಗೆಲ್ಲ ತಿಳಿದದ್ದೇ ಆಗಿದೆ. ತಮ್ಮನಾದ ಸುಗ್ರೀವನು ಬಾಗಿಲಲ್ಲಿ ಕಾವಲು ನಿಂತನು. ಒಂದು ವರ್ಷ ಕಳೆಯಿತು. ಅಣ್ಣ ಹೊರಗೆ ಬರಲಿಲ್ಲ. ಕಡೆಗೊಂದು ದಿನ ಒಳಗಿನಿಂದ ನೊರೆಗೂಡಿದ ನೆತ್ತರು ಹರಿದು ಬಂದಿತು. ರಕ್ಕಸರ ಆರ್ಭಟವೂ ಕೇಳಿಸಿತು. ಇವೆರಡನ್ನೂ ಕೂಡಿಸಿ ನೋಡಿ, ಅಣ್ಣ ಮಡಿದನೆಂದು ನಿಶ್ಚಯಿಸಿ, ಸುಗ್ರೀವನು ಬಿಲದ ಬಾಯಿಗೆ ಬಂಡೆಯನ್ನಿಟ್ಟು ಊರಿಗೆ ಹಿಂದಿರುಗಿದನು. ಅವನು ಕಂಡದ್ದು ನಿಜ, ಕೇಳಿದ್ದೂ ನಿಜ, ತೀರ್ಮಾನ ಮಾತ್ರ ತಪ್ಪಾಯಿತು. ಆ ತಪ್ಪಿನ ಫಲವನ್ನು ಕಿಷ್ಕಿಂಧೆ ಎಷ್ಟು ಕಾಲ ಉಂಡಿತೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಗವಿಗಳನ್ನು ಕುರಿತ ಶಾಸ್ತ್ರದ ಕಷ್ಟವೆಲ್ಲ ಈ ಕಥೆಯಲ್ಲಿ ಅಡಗಿದೆಯೆಂದು ನಮಗೆ ಎಷ್ಟೋ ಸಲ ತೋರಿದೆ. ಗವಿಯಲ್ಲಿ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಅದನ್ನು ಓದುವುದರಲ್ಲಿ ಎಚ್ಚರ ಬೇಕು.

ಗುಹೆ ಎಂದೊಡನೆ ನಮ್ಮ ನಾಡಿನವರ ಮನಸ್ಸು ಬಾದಾಮಿಗೆ ಹೋಗುವುದು ಸಹಜ. ಅವು ಮನುಷ್ಯನು ಉಳಿ ಹಿಡಿದು ಮರಳುಗಲ್ಲಿನಲ್ಲಿ ಕೊರೆದವು. ಇಂದು ನಾವು ಹೇಳಹೊರಟಿರುವುದು ನೀರು ಕೊರೆದ ಗವಿಗಳ ವಿಚಾರ. ಕಲ್ಲನ್ನು ನೀರು ಕೊರೆಯುವುದೆಂದರೆ ಬಡಿದು ಬಡಿದು ಸವೆಸುವುದೆಂದು ತಿಳಿಯಬಾರದು. ಇಲ್ಲಿ ಹೆಚ್ಚಿನ ಕೆಲಸ ನಡೆಯುವುದು ಕರಗಿಸುವುದರಿಂದ. ಇದರ ರಹಸ್ಯವನ್ನು ಮನೆಯಲ್ಲಿಯೇ ನೋಡಬಹುದು. ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು ಒಂದು ಗಾಜಿನ ಲೋಟಕ್ಕೆ ಹಾಕಿ, ಕೊಳವೆಯ ಮೂಲಕ ಅದರೊಳಕ್ಕೆ ಉಸಿರನ್ನು ಊದಿದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಸಿರಿನಲ್ಲಿರುವ ಇಂಗಾಲಾಮ್ಲವಾಯು ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ಪುಡಿಯಾಗಿರುವುದೇ ಆ ಬಿಳುಪು. ಇಷ್ಟನ್ನು ಶಾಲೆಯ ಹುಡುಗರೆಲ್ಲ ಬಲ್ಲರು. ಆದರೆ ಬೇಸರಪಡದೆ ಇನ್ನೂ ಊದುತ್ತ ಹೋದರೆ ಆ ಹಾಲು ಮತ್ತೆ ತಿಳಿಯಾಗುತ್ತದೆ. ಹೆಚ್ಚಿನ ವಾಯು ಸೇರಿದ ನೀರು ಕಲ್ಲನ್ನು ಕರಗಿಸಿಕೊಂಡು ಬಿಡುತ್ತದೆ. ಆ ತಿಳಿಯನ್ನು ಕಾಯಿಸಿದರೆ ವಾಯು ಹೊರಟುಹೋಗಿ ಕಲ್ಲು ಪುನಃ ಕಾಣಿಸಿಕೊಳ್ಳುತ್ತದೆ. ಗಡಸು ನೀರಿನ ಬಾವಿಯುಳ್ಳವರ ಬಚ್ಚಲ ಹಂಡೆಯಲ್ಲಿ ಬೆಳ್ಳನೆಯ ಪರೆ ಕಟ್ಟುವುದೂ ಇದೇ ಕಾರಣದಿಂದ.

ಗವಿಯಲ್ಲಿ ನಡೆಯುವುದು ಇಷ್ಟೇ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ, ಬೇರುಗಳೂ ಕ್ರಿಮಿಗಳೂ ಬಿಟ್ಟ ಇಂಗಾಲಾಮ್ಲವಾಯುವನ್ನು ಹೀರಿಕೊಂಡು ಹುಳಿಯಾಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಹರಿದು, ಕಲ್ಲನ್ನು ಕರಗಿಸುತ್ತ, ಸಾವಿರಾರು ವರ್ಷಗಳಲ್ಲಿ ಹಾದಿಯನ್ನು ಅಗಲಮಾಡುತ್ತದೆ. ಮುಂದೆ ನದಿಗಳು ಕೆಳಕ್ಕೆ ಇಳಿದು ಆ ಹಾದಿ ಬರಿದಾದಮೇಲೆ, ಮೇಲಿನಿಂದ ಜಿನುಗುವ ಹನಿ ಗವಿಯ ಗಾಳಿಗೆ ತಾಗಿದೊಡನೆ ತನ್ನಲ್ಲಿದ್ದ ವಾಯುವನ್ನು ಬಿಡುತ್ತದೆ; ಹೊತ್ತು ತಂದ ಕಲ್ಲಿನ ಒಂದು ಕಣವನ್ನು ಅಲ್ಲಿಯೇ ಇಳಿಸುತ್ತದೆ. ಚಾವಣಿಯಲ್ಲಿ ಹಾಗೆ ಬೆಳೆದು ಇಳಿಬಿದ್ದ ಕೊಂಬಿಗೆ ಸ್ಟ್ಯಾಲಕ್ಟೈಟ್ ಎಂದೂ, ಹನಿ ಬಿದ್ದ ಸ್ಥಳದಲ್ಲಿ ನೆಲದಿಂದ ಏಳುವ ಕಂಬಕ್ಕೆ ಸ್ಟ್ಯಾಲಗ್ಮೈಟ್ ಎಂದೂ ಹೆಸರು. ದಾಂಡೇಲಿಯ ಕಾಡಿನ ಕವಳಾ ಗವಿಯಲ್ಲಿ ಭಕ್ತರು ಶಿವಲಿಂಗವೆಂದು ಪೂಜಿಸುವುದು ಇಂಥ ಒಂದು ಕಂಬವನ್ನೇ. ಮೇಲಿನಿಂದ ತಾನಾಗಿಯೇ ಅಭಿಷೇಕ, ಆ ಅಭಿಷೇಕದಿಂದಲೇ ಲಿಂಗದ ಬೆಳವಣಿಗೆ! ಇದನ್ನು ಕಂಡು ಕೈಮುಗಿದವರನ್ನು ಯಾವ ರಸಾಯನಶಾಸ್ತ್ರಜ್ಞನೂ ನಗಲಾರನು.

ಈ ಕಂಬಗಳಿಗೂ ನೆಲದ ಮೇಲೆ ಹರಡಿದ ಇದೇ ಜಾತಿಯ ಕಲ್ಲಿನ ಹಾಸಿಗೂ ವಿದ್ವಾಂಸರು ಏಕೆ ಇಷ್ಟು ಬೆಲೆ ಕೊಡುವರೆಂಬುದಕ್ಕೆ ಇಂಗ್ಲೆಂಡಿನ ಒಂದು ವೃತ್ತಾಂತವನ್ನು ಹೇಳಬೇಕಾಗಿದೆ. ಡೆವನ್ ಸೀಮೆಯ ಟಾರ್ಕಿ ಎಂಬ ಊರಿನ ಹತ್ತಿರ ಕೆಂಟ್ಸ್ ಕ್ಯಾವರ್ನ್ ಎಂಬ ಗವಿಯುಂಟು. 1825ರಲ್ಲಿ ಅಲ್ಲಿ ಅಗೆಯತೊಡಗಿದ ಮ್ಯಾಕ್‌ಎನರಿ ಎಂಬ ರೋಮನ್ ಕ್ಯಾಥೊಲಿಕ್ ಪಾದ್ರಿಗೆ ಕಲ್ಲಿನ ಹಾಸಿನ ಕೆಳಗೆ, ನಿರ್ವಂಶವಾಗಿ ಹೋದ ಮೃಗಗಳ ಮೂಳೆಗಳ ಜೊತೆಯಲ್ಲಿಯೇ, ಮನುಷ್ಯನು ಕೆತ್ತಿದ ಚಕಮಕಿಕಲ್ಲಿನ ಆಯುಧಗಳು ದೊರೆತುವು. ಹಾಗಾದರೆ ಆ ಮೃಗಗಳಿದ್ದ ಕಾಲದಲ್ಲಿಯೇ ಮನುಷ್ಯನೂ ಇದ್ದನೆಂದಾಯಿತಲ್ಲ! ಲೋಕಕ್ಕೆ ಆರು ಸಾವಿರ ವರ್ಷವೆಂದು ನಂಬಿದ್ದ ಜನರಿಗೆ ಇದು ಸಹಿಸುವ ಮಾತಾಗಿರಲಿಲ್ಲ. ಆಕ್ಸ್‌ಫರ್ಡಿನ ಪ್ರಸಿದ್ಧ ಭೂಗರ್ಭಶಾಸ್ತ್ರಜ್ಞ ಬಕ್‌ಲೆಂಡನು, ಹಿಂದಿನ ಕಾಲದ ಯಾರೋ ಒಲೆಗಾಗಿ ಕಲ್ಲಿನ ಹಾಸನ್ನು ತೂತುಮಾಡಿದ್ದರಿಂದ ಆಯುಧಗಳು ಕೆಳಕ್ಕೆ ಇಳಿದಿರಬೇಕೆಂದು ಹೇಳಿದನು. ಪಾದ್ರಿ ತಾನು ಕಂಡದ್ದನ್ನು ಬರೆದಿಟ್ಟನು. 1841ರಲ್ಲಿ ಅವನು ಸಾಯುವವರೆಗೂ ಆ ಬರಹ ಅಚ್ಚಾಗಲಿಲ್ಲ.

ವಾದವನ್ನು ತೀರಿಸಿದವನು ಅದೇ ಊರಿನ ಒಬ್ಬ ಉಪಾಧ್ಯಾಯ, ವಿಲಿಯಂ ಪೆಂಗೆಲಿ. ಕಾಲೇಜಿನ ಮೆಟ್ಟಿಲು ಹತ್ತದೆ ಸ್ವಂತ ಶ್ರಮದಿಂದ ಓದಿದವನು. 1858ರಲ್ಲಿ ಬ್ರಿಕ್ಸ್‌ಹ್ಯಾಮಿನಲ್ಲಿ, ಅದುವರೆಗೂ ಯಾರೂ ಕಾಲಿಡದಿದ್ದ ಒಂದು ಗವಿ ಬೆಳಕಿಗೆ ಬಂದಿತು. ಅಲ್ಲಿ ಕಲ್ಲಿನ ಹಾಸು ಎಲ್ಲಿಯೂ ಒಡೆದಿರಲಿಲ್ಲ. ಆ ಹಾಸನ್ನು ತೆಗೆದು ಕೆಳಗಿನ ಮಣ್ಣನ್ನು ಪದರಪದರವಾಗಿ ಅಗೆದಾಗ, ಅಳಿದುಹೋದ ಪ್ರಾಣಿಗಳ ಮೂಳೆಗಳೂ ಮನುಷ್ಯನ ಆಯುಧಗಳೂ ಒಟ್ಟಿಗೇ ಕಂಡುವು. ಒಲೆಯ ಮಾತಿಗೆ ಇನ್ನು ಅವಕಾಶವಿರಲಿಲ್ಲ. ಮರುವರ್ಷವೇ ದೊಡ್ಡ ದೊಡ್ಡ ವಿದ್ವಾಂಸರು ಮನುಷ್ಯನ ಪ್ರಾಚೀನತೆಯನ್ನು ಒಪ್ಪಿಕೊಂಡರು. ಪೆಂಗೆಲಿ ಅಷ್ಟಕ್ಕೇ ತೃಪ್ತನಾಗದೆ 1865ರಿಂದ 1880ರವರೆಗೆ, ಹದಿನೈದು ವರ್ಷ, ಕೆಂಟ್ಸ್ ಗವಿಯನ್ನೇ ಮತ್ತೆ ಅಗೆದನು. ಒಂದು ಗಜ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತುಂಡುಗಳಾಗಿ ಮಣ್ಣನ್ನು ವಿಂಗಡಿಸಿ, ಪ್ರತಿಯೊಂದು ಮೂಳೆಯೂ ಯಾವ ತುಂಡಿನಲ್ಲಿ ಸಿಕ್ಕಿತೆಂದು ಗುರುತು ಹಾಕಿದನು. ನಮ್ಮ ಅಂಚೆಯವನಿಗೆ ಮನೆಯ ನಂಬರು ಹೇಗೋ ಹಾಗೆ. ಮೂಳೆಗಿಂತಲೂ ಮೂಳೆಯ ವಿಳಾಸ ಮುಖ್ಯವೆಂಬುದನ್ನು ಜಗತ್ತಿಗೆ ಕಲಿಸಿದವರಲ್ಲಿ ಈ ಉಪಾಧ್ಯಾಯನು ಮೊದಲಿಗನೆಂದರೆ ಹೆಚ್ಚಾಗದು.

ಆ ಗವಿಯಲ್ಲಿ ಐರ್ಲೆಂಡಿನ ರಾಬರ್ಟ್ ಹೆಜಸ್ ಎಂಬುವನು 1688ರಲ್ಲಿ ತನ್ನ ಹೆಸರನ್ನು ಕೊರೆದು ಹೋಗಿದ್ದನು. ಕಂಡ ಕಂಡ ಕಡೆ ಹೆಸರು ಕೆತ್ತುವ ಚಪಲ ನಮ್ಮವರದೊಂದೇ ಅಲ್ಲವೆಂದು ಸಮಾಧಾನಪಡಬಹುದು. ಆದರೆ ಈ ಒಂದು ಕೆತ್ತನೆ ಉಪಯೋಗಕ್ಕೆ ಬಂದಿತು. ಸುಮಾರು ಇನ್ನೂರು ವರ್ಷಗಳಲ್ಲಿ ಅದರ ಮೇಲೆ ಬೆಳೆದಿದ್ದ ಕಲ್ಲಿನ ಪೊರೆ ಅಂಗುಲದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಈ ವೇಗದಿಂದ ಐದಡಿ ದಪ್ಪದ ಹಾಸಿಗೆ ಎಷ್ಟು ಕಾಲವಾಗಬಹುದೆಂದು ಗುಣಿಸಿದರೆ ಎರಡು ಲಕ್ಷ ವರ್ಷಕ್ಕೂ ಮೀರುತ್ತದೆ! ಆದರೆ ಲೆಕ್ಕ ಸರಿಯಾದರೂ ಆಧಾರ ಸಾಲದು. ಒಂದೇ ಗವಿಯಲ್ಲಿ ಒಂದು ಹನಿ ಬೇಗನೆ ಬೀಳುತ್ತದೆ, ಮತ್ತೊಂದು ನಿಧಾನವಾಗಿ. ಒಂದು ಕಾಲದಲ್ಲಿ ಬೆಳೆದದ್ದು ಇನ್ನೊಂದು ಕಾಲದಲ್ಲಿ ನಿಂತೇ ಹೋಗಬಹುದು. ಒಂದು ಮಗುವಿನ ಒಂದು ತಿಂಗಳ ಬೆಳವಣಿಗೆಯಿಂದ ಮುದುಕನ ವಯಸ್ಸನ್ನು ಹೇಳಹೊರಟಂತೆ ಅದು.

ಈ ತೊಡಕನ್ನು ಬಿಡಿಸಿದುದು ಇಪ್ಪತ್ತನೆಯ ಶತಮಾನದ ಭೌತವಿಜ್ಞಾನ. ಗವಿಗೆ ಇಳಿಯುವ ನೀರಿನಲ್ಲಿ ಯುರೇನಿಯಂ ಎಂಬ ಧಾತು ಅತ್ಯಲ್ಪ ಪ್ರಮಾಣದಲ್ಲಿ ಕರಗಿರುತ್ತದೆ. ಥೋರಿಯಂ ನೀರಿನಲ್ಲಿ ಕರಗದು. ಆದ್ದರಿಂದ ಹೊಸದಾಗಿ ಕಟ್ಟಿದ ಕಲ್ಲಿನಲ್ಲಿ ಯುರೇನಿಯಂ ಮಾತ್ರವೇ ಇದ್ದು ಥೋರಿಯಂ ಇಲ್ಲವೆನ್ನುವಷ್ಟು ಕಡಿಮೆ. ಕಾಲ ಕಳೆದಂತೆ ಯುರೇನಿಯಂ ತನ್ನಷ್ಟಕ್ಕೆ ತಾನೇ ಒಡೆದು, ಒಂದು ಗೊತ್ತಾದ ವೇಗದಲ್ಲಿ, ಥೋರಿಯಮಾಗುತ್ತ ಬರುತ್ತದೆ. ಎರಡರ ಪ್ರಮಾಣವನ್ನೂ ಅಳೆದರೆ ಆ ಪದರಕ್ಕೆ ಎಷ್ಟು ವರ್ಷವಾಯಿತೆಂದು ಗೊತ್ತಾಗುತ್ತದೆ. ಸುಮಾರು ಐದು ಲಕ್ಷ ವರ್ಷದ ಆಚೆಗೆ ಈ ಗಡಿಯಾರ ನಡೆಯದು. ಅದರೊಳಗೆ ಇದಕ್ಕೆ ಸಮನಾದ ಗಡಿಯಾರಗಳು ಕೆಲವೇ.

ನಮ್ಮ ನೆರೆಯ ಕರ್ನೂಲು ಸೀಮೆಗೂ ಈ ಚರಿತ್ರೆಯಲ್ಲಿ ಸ್ಥಾನವುಂಟು. ಬೇತಂಚೆರ್ಲದ ಹತ್ತಿರದ ಬಿಲ್ಲ ಸುರ್ಗಂ ಗವಿಗಳಲ್ಲಿ ಮೂಳೆಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ ಎಂಬುವನು 1844ರಷ್ಟು ಹಿಂದೆಯೇ ವರದಿಮಾಡಿದ್ದನು. ನಲವತ್ತು ವರ್ಷದ ಮೇಲೆ ಅಲ್ಲಿ ಅಗೆತಕ್ಕೆ ಹೊರಟವರು ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ, ಸೇನೆಯಲ್ಲಿದ್ದ ಹೆನ್ರಿ ಫೂಟ್. 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಮೊದಲು ಗುರುತಿಸಿ ಭಾರತದ ಪ್ರಾಕ್ತನೇತಿಹಾಸಕ್ಕೆ ಬಾಗಿಲು ತೆರೆದವರೂ, ಬಳ್ಳಾರಿಯ ಸುತ್ತಮುತ್ತ ನವಶಿಲಾಯುಗದ ನೆಲೆಗಳನ್ನು ಹುಡುಕಿದವರೂ ಇದೇ ಫೂಟರು. ಬಿಲ್ಲ ಸುರ್ಗದಲ್ಲಿ ಅವರಿಗೆ ಮೂಳೆಗಳು ರಾಶಿರಾಶಿಯಾಗಿ ಸಿಕ್ಕುವು. ಅವುಗಳಲ್ಲಿದ್ದ ಒಂದು ಖಡ್ಗಮೃಗಕ್ಕೆ ಲೈಡೆಕರ್ ಎಂಬ ಪ್ರಾಣಿಶಾಸ್ತ್ರಜ್ಞನು ಕರ್ನೂಲಿನ ಹೆಸರನ್ನೇ ಇಟ್ಟನು. ಇಂದು ನಾವು ಬಿಸಿಲಿಗೆ ಹೆಸರಾದ ಊರೆಂದು ಮಾತ್ರ ತಿಳಿದಿರುವ ಸೀಮೆಯಲ್ಲಿ ಒಂದು ಕಾಲದಲ್ಲಿ ಖಡ್ಗಮೃಗ ಮೇಯುತ್ತಿದ್ದಿತೆಂಬುದನ್ನು ಗವಿಯಲ್ಲದೆ ಮತ್ತಾರು ಹೇಳಬಲ್ಲರು?

ಅದೇ ಗವಿಗಳನ್ನು ನಮ್ಮ ಕಾಲದಲ್ಲಿ ಹೊಸ ಸಾಧನಗಳೊಡನೆ ಮತ್ತೆ ಅಗೆದವರು 2014ರಲ್ಲಿ ಪ್ರಕಟಿಸಿದ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಸುಮಾರು ಎರಡು ಲಕ್ಷ ವರ್ಷಗಳ ಪದರಗಳನ್ನು ಪರೀಕ್ಷಿಸಿದಾಗ, ಅಲ್ಲಿ ದೊರೆತ ಪ್ರಾಣಿಜಾತಿಗಳಲ್ಲಿ ಬಹುಪಾಲೆಲ್ಲ ಭಾರತದಲ್ಲಿ ಇಂದಿಗೂ ಉಳಿದಿವೆಯೆಂದು ತಿಳಿದುಬಂದಿತು. ಯೂರೋಪಿನಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ದೊಡ್ಡ ದೊಡ್ಡ ಮೃಗಗಳು ಸಾಲುಸಾಲಾಗಿ ಅಳಿದುಹೋದ ಆ ದೀರ್ಘಕಾಲದಲ್ಲಿ, ಮಳೆ ಹೆಚ್ಚುಕಡಮೆಯಾದರೂ, ಮನುಷ್ಯನು ಬೇಟೆಯಾಡುತ್ತಿದ್ದರೂ, ನಮ್ಮ ದೇಶದ ಪ್ರಾಣಿಗಳು ಹೇಗೋ ಬಾಳಿಕೊಂಡುವು. ಕಾಡು, ಹುಲ್ಲುಗಾವಲು, ನದೀತೀರಗಳು ಒಂದರ ಪಕ್ಕದಲ್ಲೊಂದು ಹೆಣೆದುಕೊಂಡಿದ್ದುದರಿಂದ ಒಂದೆಡೆ ಕಷ್ಟವಾದರೆ ಮತ್ತೊಂದೆಡೆಗೆ ಹೋಗಲು ದಾರಿಯಿದ್ದಿತೆಂಬುದು ಆ ವಿದ್ವಾಂಸರ ಅಭಿಪ್ರಾಯ. ಎರಡು ಲಕ್ಷ ವರ್ಷ ಉಳಿದ ಆ ದಾರಿಗಳನ್ನು ನಾವು ಎರಡು ತಲೆಮಾರಿನಲ್ಲಿ ಬೇಲಿ ಹಾಕಿ ಮುಚ್ಚುತ್ತಿದ್ದೇವೆ.

ಮೂಳೆಯ ಮಾತು ಹಾಗಿರಲಿ. ಗವಿಗಳು ಮಳೆಯ ಲೆಕ್ಕವನ್ನೂ ಬರೆದಿಡುತ್ತವೆಯೆಂಬುದು ಇತ್ತೀಚಿನ ಆಶ್ಚರ್ಯ. ನೀರಿನಲ್ಲಿರುವ ಆಮ್ಲಜನಕದ ಕಣಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನವು ಹಗುರವಾದವು, ಐನೂರರಲ್ಲಿ ಒಂದರಷ್ಟು ಭಾರವಾದವು. ಮೋಡವು ಸುರಿಸುವಾಗ ಭಾರವಾದವು ಮುಂದಾಗಿ ಇಳಿಯುತ್ತವೆ. ಮಳೆ ಜೋರಾಗಿ ಮುಂದುವರಿದಂತೆ ಉಳಿದ ಹಗುರ ಕಣಗಳೇ ಹೆಚ್ಚು ಹೆಚ್ಚಾಗಿ ಬೀಳುತ್ತವೆ. ಆದ್ದರಿಂದ ನಮ್ಮಂಥ ಮುಂಗಾರಿನ ದೇಶಗಳಲ್ಲಿ ಸಮೃದ್ಧಿಯಾಗಿ ಮಳೆಯಾದ ವರ್ಷದ ನೀರು ಸರಾಸರಿಯಲ್ಲಿ ಹಗುರ, ಬರಗಾಲದ ನೀರು ಭಾರ. ಆ ನೀರೇ ಗವಿಯಲ್ಲಿ ಹನಿಯಾಗಿ ಬಿದ್ದು ತನ್ನ ಆಮ್ಲಜನಕವನ್ನು ಕಲ್ಲಿಗೆ ಕೊಟ್ಟುಹೋಗುತ್ತದೆ. ಕಂಬವನ್ನು ಉದ್ದಕ್ಕೆ ಸೀಳಿ, ಕೂದಲೆಳೆಯಷ್ಟು ಅಂತರದಲ್ಲಿ ಪುಡಿಯನ್ನು ಕೆರೆದು ತೂಗಿದರೆ ಯಾವ ಕಾಲದಲ್ಲಿ ಮಳೆ ಹೇಗಿದ್ದಿತೆಂಬುದನ್ನು ಓದಬಹುದು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದಕ್ಕೆ ಹಿಂದಿನ ಮಳೆಯನ್ನು ಅಳೆದವರು ವಿರಳ. ಗವಿಗಳು ಮಾತ್ರ ಅಳೆಯುತ್ತಲೇ ಇದ್ದುವು.

ನಮ್ಮ ಉತ್ತರ ಕನ್ನಡದ ಅಕಲಗವಿ ಎಂಬಲ್ಲಿಂದ ತಂದ ಒಂದು ಕಂಬದಲ್ಲಿ ಮರದ ಬಳೆಗಳಂತೆ ವರ್ಷಕ್ಕೊಂದು ಪದರವಿದ್ದುದನ್ನು ಅಹಮದಾಬಾದಿನ ಮತ್ತು ಪುಣೆಯ ವಿಜ್ಞಾನಿಗಳು ಎಣಿಸಿ, 331 ವರ್ಷಗಳ ಮುಂಗಾರಿನ ಏರುಪೇರನ್ನು 2004ರಲ್ಲಿ ಪ್ರಕಟಿಸಿದರು. ಬಸ್ತರಿನ ಕಾಡಿನ ದಂಡಕ ಗವಿಯ ಕಲ್ಲು ಇನ್ನೂ ಹಿಂದಕ್ಕೆ, ಕ್ರಿಸ್ತಶಕ 600ರಿಂದ 1500ರವರೆಗಿನ ಮಾತನ್ನು ಹೇಳಿತು. 2007ರಲ್ಲಿ ಹೊರಬಂದ ಆ ಅಧ್ಯಯನದ ಪ್ರಕಾರ ಹದಿನಾಲ್ಕನೆಯ ಶತಮಾನದಲ್ಲಿಯೂ ಹದಿನೈದನೆಯದರ ಮೊದಲಿನಲ್ಲಿಯೂ ಮುಂಗಾರು ದಶಕಗಟ್ಟಲೆ ಸೋತಿದ್ದಿತು. ದಖನ್ನಿನ ಐತಿಹ್ಯದಲ್ಲಿ ದುರ್ಗಾದೇವಿಯ ಬರವೆಂದು ಹೆಸರಾಗಿ, 1396ರಲ್ಲಿ ತೊಡಗಿ ಹನ್ನೆರಡು ವರ್ಷ ಜನರನ್ನು ಕಾಡಿತೆಂಬ ಕ್ಷಾಮವು ಈ ಕಾಲಕ್ಕೇ ಸೇರುತ್ತದೆ. ಹನ್ನೆರಡು ವರ್ಷವೆಂಬುದು ಕಥೆಗಾರರ ಉತ್ಪ್ರೇಕ್ಷೆಯೆಂದು ನಾವು ಕಾಲೇಜಿನಲ್ಲಿ ಓದುವಾಗ ನಕ್ಕದ್ದುಂಟು. ಅಜ್ಜಿಯ ಬಾಯಿಯ ಬರವನ್ನು ಕಾಡಿನ ಕಲ್ಲು ಸಮರ್ಥಿಸಿದುದನ್ನು ಕಂಡಮೇಲೆ ನಗು ನಿಂತಿತು.

ಇವೆಲ್ಲಕ್ಕಿಂತ ಪ್ರಖ್ಯಾತವಾದದ್ದು ಮೇಘಾಲಯದ ಚಿರಾಪುಂಜಿಯ ಬಳಿಯ ಮಾವ್‌ಮ್ಲೂ ಗವಿ. ಅಲ್ಲಿನ ಒಂದು ಕಂಬದಲ್ಲಿ ಸುಮಾರು 4200 ವರ್ಷಗಳ ಹಿಂದೆ ಮಳೆ ಕುಂದಿದ ಗುರುತು ಅಷ್ಟು ಸ್ಪಷ್ಟವಾಗಿದ್ದುದರಿಂದ, 2018ರಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟವು ಅಂದಿನಿಂದ ಇಂದಿನವರೆಗಿನ ಕಾಲಕ್ಕೆ ಮೇಘಾಲಯನ್ ಎಂಬ ಹೆಸರನ್ನೇ ಸ್ಥಿರಪಡಿಸಿತು. ಈ ಭಾಷಣವನ್ನು ತಾವು ಕೇಳುತ್ತಿರುವುದೂ ಮೇಘಾಲಯನ್ ಯುಗದಲ್ಲಿಯೇ! ಈಜಿಪ್ಟಿನ ಹಳೆಯ ರಾಜ್ಯ ಮುರಿದುದು, ಅಕ್ಕಡ್ ಸಾಮ್ರಾಜ್ಯ ಕುಸಿದುದು, ಸಿಂಧೂ ತೀರದ ನಗರಗಳು ಕ್ರಮವಾಗಿ ಬರಿದಾದುದು ಎಲ್ಲವೂ ಆ ಬರದ ಆಸುಪಾಸಿನವು. ಬರವೇ ಇವಕ್ಕೆಲ್ಲ ಕಾರಣವೆಂದು ಹೇಳಿಬಿಡುವ ಉತ್ಸಾಹ ಕೆಲವರಿಗುಂಟು. ಅದು ಸುಗ್ರೀವನ ತೀರ್ಮಾನವಾದೀತೆಂದು ನಮ್ಮ ಭಯ. ಅದೇ ಗವಿಯ ಬೇರೆ ಕಂಬಗಳನ್ನು ಮುಂದೆ ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದವರು, ಬರವು ಒಂದೇ ಪೆಟ್ಟಿಗೆ ಬಂದುದಲ್ಲ, ಬಿಟ್ಟು ಬಿಟ್ಟು ಹಲವು ಸಲ ಬಂದುದೆಂದು ಹೇಳಿರುತ್ತಾರೆ. ಒಂದು ಕಂಬದ ಮಾತನ್ನು ಮತ್ತೊಂದು ಕಂಬದಿಂದ ಅಡ್ಡಪ್ರಶ್ನೆ ಮಾಡಿ ತಿಳಿಯಬೇಕಾದ ವ್ಯವಹಾರವಿದು.

ಗವಿಯ ಪ್ರಾಣಿಗಳನ್ನು ಕುರಿತು ಬೇರೊಂದು ಭಾಷಣವೇ ಬೇಕು. ಸ್ಲೊವೇನಿಯದ ಗವಿಗಳ ಕಣ್ಣಿಲ್ಲದ ಬಿಳಿಯ ಉಭಯಚರಿಯನ್ನು, ಮಳೆಗಾಲದ ಪ್ರವಾಹದಲ್ಲಿ ಅದು ಹೊರಗೆ ತೇಲಿಬಂದಾಗ, ಹಳ್ಳಿಯವರು ಘಟಸರ್ಪದ ಮರಿಯೆಂದು ನಂಬಿದ್ದರು. ವಾಲ್ವಾಸರ್ ಎಂಬ ವಿದ್ವಾಂಸನು ಅದನ್ನು 1689ರಲ್ಲಿಯೇ ಬರೆದಿಟ್ಟಿದ್ದಾನೆ. ಬಸ್ತರಿನ ಕುಟುಮ್ಸರ್ ಗವಿಯ ಹೊಳೆಯಲ್ಲಿಯೂ ಕಣ್ಣು ಕುಗ್ಗಿ ಬಣ್ಣ ಕಳೆದುಕೊಂಡ ಮೀನುಂಟು. ಕತ್ತಲೆಯಲ್ಲಿ ಕಣ್ಣು ವ್ಯರ್ಥವಾದ ಖರ್ಚು; ಪ್ರಕೃತಿ ಜಿಪುಣಿ.

ಇಷ್ಟು ದೀರ್ಘವಾದ ದಫ್ತರವು ಎಷ್ಟು ಬೇಗ ಹಾಳಾಗಬಲ್ಲದೆಂಬುದಕ್ಕೆ ಫ್ರಾನ್ಸಿನ ಲಾಸ್ಕೋ ಸಾಕ್ಷಿ. 1940ರಲ್ಲಿ ಕೆಲವು ಹುಡುಗರು ಕಂಡುಹಿಡಿದ ಆ ಗವಿಯ ಗೋಡೆಗಳ ಮೇಲೆ ಹಲವು ಸಾವಿರ ವರ್ಷಗಳ ಹಿಂದೆ ಬರೆದ ಕುದುರೆ, ಗೂಳಿಗಳ ಚಿತ್ರಗಳು ನಿನ್ನೆ ಬರೆದಂತೆ ಇದ್ದುವು. 1948ರಲ್ಲಿ ಜನರಿಗೆ ಬಾಗಿಲು ತೆರೆದರು. ನೋಡಬಂದವರ ಉಸಿರಿನ ಇಂಗಾಲಾಮ್ಲವಾಯು, ಮೈಯ ಬಿಸಿ, ದೀಪದ ಬೆಳಕು, ಇಷ್ಟರಿಂದಲೇ ಹದಿನೈದು ವರ್ಷದೊಳಗೆ ಗೋಡೆಗೆ ಹಸುರು ಪಾಚಿ ಹಿಡಿದು, ಬಿಳಿಯ ಪರೆ ಕಟ್ಟತೊಡಗಿತು. 1963ರಲ್ಲಿ ಬಾಗಿಲು ಹಾಕಿದರು. ಈಗ ಜನ ನೋಡುವುದು ಪಕ್ಕದಲ್ಲಿ ಕಟ್ಟಿದ ಪ್ರತಿಕೃತಿಯನ್ನು. ನಾವು ಮೊದಲಿಗೆ ಹೇಳಿದ ಲೋಟದ ಪ್ರಯೋಗವೇ ಅಲ್ಲಿ ದೊಡ್ಡದಾಗಿ ನಡೆಯಿತು.

ನಮ್ಮಲ್ಲಿ ಉಸಿರಿಗಿಂತ ಸುತ್ತಿಗೆಯ ಭಯ ಹೆಚ್ಚು. ಸುಣ್ಣಕಲ್ಲು ಸಿಮೆಂಟಿಗೆ ಬೇಕು. ಮೇಘಾಲಯದಲ್ಲಾಗಲಿ ಕರ್ನೂಲಿನಲ್ಲಾಗಲಿ ಗವಿಯಿರುವ ಬೆಟ್ಟವೂ ಗಣಿಯಿರುವ ಬೆಟ್ಟವೂ ಒಂದೇ. ಮನೆ ಕಟ್ಟುವ ನಾವೆಲ್ಲರೂ ಅದರಲ್ಲಿ ಪಾಲುದಾರರಾದ್ದರಿಂದ ಗಣಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ.

ನಮಗೆ ದೂರುವ ಅಧಿಕಾರ ಇಲ್ಲದಿರುವುದಕ್ಕೆ ಇನ್ನೊಂದು ಕಾರಣವುಂಟು. ವಿದ್ಯಾರ್ಥಿಗಳಾಗಿದ್ದಾಗ, ಇಪ್ಪತ್ತೈದು ವರ್ಷಗಳ ಹಿಂದೆ, ಸ್ನೇಹಿತರೊಡನೆ ಕರ್ನೂಲು ಸೀಮೆಯ ಒಂದು ಗವಿಗೆ ಹೋಗಿದ್ದೆವು. ಟಾರ್ಚಿನ ಬೆಳಕಿನಲ್ಲಿ ಮಿನುಗುತ್ತಿದ್ದ ಒಂದು ಗೇಣುದ್ದದ ಕಂಬವನ್ನು ಕಂಡು ಆಸೆಯಾಗಿ, ಕಾಲಿನಿಂದ ಒದ್ದು ಮುರಿದು, ಟವೆಲಿನಲ್ಲಿ ಸುತ್ತಿ ತಂದೆವು. ಅಂದಿನಿಂದ ಅದು ನಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಕೊಂಡು ಕುಳಿತಿದೆ. ಕೆಲವು ವರ್ಷಗಳ ಹಿಂದೆ ಈ ವಿಷಯದಲ್ಲಿ ಕೆಲಸಮಾಡುವ ಸ್ನೇಹಿತರೊಬ್ಬರು ಮನೆಗೆ ಬಂದಾಗ ಅದನ್ನು ಹೆಮ್ಮೆಯಿಂದ ತೋರಿಸಿದೆವು. ಅವರು ಮುರಿದ ತುದಿಯನ್ನು ಬೆಳಕಿಗೆ ಹಿಡಿದು, ಬಳೆಗಳನ್ನು ಉಗುರಿನಿಂದ ಮುಟ್ಟಿ ನೋಡಿ, ಮೂರು ಪ್ರಶ್ನೆ ಕೇಳಿದರು. ಗವಿಯ ಬಾಯಿಂದ ಎಷ್ಟು ದೂರದಲ್ಲಿದ್ದಿತು? ಮೇಲಿನಿಂದ ಆಗಲೂ ಹನಿ ಬೀಳುತ್ತಿದ್ದಿತೆ, ನಿಂತುಹೋಗಿದ್ದಿತೆ? ಬುಡ ಅಲ್ಲಿಯೇ ಉಳಿಯಿತೆ? ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಏನನ್ನೂ ಹೇಳದೆ ಕಲ್ಲನ್ನು ಮೊದಲಿದ್ದ ಕಾಗದಗಳ ಮೇಲೆಯೇ ಇಟ್ಟು, ಕಾಫಿ ಕುಡಿದು ಹೊರಟರು.

ಹೊರಡುವ ಮುನ್ನ ಬಾಗಿಲಲ್ಲಿ, ಆ ಗವಿಗೆ ದಾರಿ ನೆನಪಿದೆಯೆ ಎಂದು ಕೇಳಿದರು. ಬುಡ ಅಲ್ಲಿ ಉಳಿದಿದ್ದರೆ ಮುರಿದ ಮೈಗಳನ್ನು ಹೊಂದಿಸಿ ನೋಡಬಹುದು, ಇಪ್ಪತ್ತೈದು ವರ್ಷದಲ್ಲಿ ಬುಡದ ಮೇಲೆ ಹೊಸ ಪೊರೆ ಬೆಳೆದಿದ್ದರೆ ಹನಿ ಇನ್ನೂ ಬದುಕಿದೆಯೆಂದು ತಿಳಿಯಬಹುದೆಂದರು. ಬರುವ ಬೇಸಗೆಯ ರಜೆಯಲ್ಲಿ ಕಲ್ಲನ್ನು ತೆಗೆದುಕೊಂಡು ಅಲ್ಲಿಗೆ ಹೋಗುವವರಿದ್ದೇವೆ.